ಜೈಬು ಹೇಳಿದ ಹೆಸರು

ಮಳವಳ್ಳಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಮಂಡ್ಯಕ್ಕೆ ಹಿಂದಿರುಗುವಾಗ ಮದ್ದೂರಿನ ಹತ್ತಿರ ನಮ್ಮ ಬಾಡಿಗೆ ಕಾರಿನ ಚಕ್ರ ಪಂಕ್ಚರ್ ಆಯಿತು. ಹೊಸ ಹೆದ್ದಾರಿ ಬಂದ ಮೇಲೆ ಮದ್ದೂರಿನೊಳಗೆ ಕಾಲಿಡುವವರೇ ಕಡಿಮೆ. ಚಕ್ರದ ದಯೆಯಿಂದ ಎಷ್ಟೋ ವರ್ಷಗಳ ಮೇಲೆ ನಾನು ಹಳೇ ರಸ್ತೆಯಲ್ಲಿ, ಒಂದು ಪಂಕ್ಚರ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಈಗಿನ ಟೈರಿಗೆ ಟ್ಯೂಬೇ ಇಲ್ಲವಂತೆ, ದಬ್ಬಳದಲ್ಲಿ ಅಂಟಿನ ಬತ್ತಿ ತುರುಕಿದರೆ ಕೆಲಸ ಮುಗಿಯಿತು. ಆದರೆ ಪಕ್ಕದಲ್ಲೇ ಟ್ರ್ಯಾಕ್ಟರಿನ ಟ್ಯೂಬೊಂದಕ್ಕೆ ಹಳೆಯ ಪದ್ಧತಿಯಲ್ಲಿ ತೇಪೆ ಹಾಕುತ್ತಿದ್ದರು. ಕಾದ ಕಬ್ಬಿಣದಡಿ ರಬ್ಬರು ಬೇಯುವ ವಾಸನೆ ಬಂತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಡ್ರೈವರ್ ನನ್ನ ಮುಖ ನೋಡಿ, “ನೀರ್ ತರ್ಲಾ ಅಮ್ಮ” ಎಂದ. ಬೇಡವೆಂದೆ. ಸುಟ್ಟ ರಬ್ಬರಿನ ವಾಸನೆಗೆ ಈ ಮುದುಕಿಗೆ ಅಳು ಬರುತ್ತದೆ ಎಂದು ಅವನಿಗೆ ಹೇಗೆ ತಿಳಿಸಿ ಹೇಳಲಿ.

ಅದು ಬಾಂಗ್ಲಾ ಯುದ್ಧದ ವರ್ಷ. ನಮ್ಮದಿನ್ನೂ ಮೈಸೂರು ರಾಜ್ಯ, ಕರ್ನಾಟಕ ಆಗಿರಲಿಲ್ಲ. ಹೊಳಲಿನ ಹುಡುಗಿಯಾದ ನನಗೆ ಮದ್ದೂರಿನಲ್ಲಿ ಟೀಚರ್ ಕೆಲಸ ಸಿಕ್ಕಿ, ರಿಪೇರಿ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮೆಕ್ಯಾನಿಕ್ಕುಗಳು, ಕಮ್ಮಾರರು, ಬೀಡಿ ಕಟ್ಟುವವರು ಇದ್ದ ಬೀದಿ ಅದು. ಅರ್ಧ ಮುಸ್ಲಿಮರ ಮನೆ, ಅರ್ಧ ಆಚಾರಿಗಳ ಮನೆ. ಮದುವೆಯಾಗದ ಹುಡುಗಿ ಅಂಥ ಬೀದಿಯಲ್ಲಿ ಒಬ್ಬಳೇ ಇರುವುದೇ ಎಂದು ನಮ್ಮಪ್ಪ ಮುಖ ಗಂಟಿಕ್ಕಿದ್ದರು. ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಗಂಟು ತಾನಾಗಿಯೇ ಬಿಚ್ಚಿಕೊಂಡಿತು.

ನನ್ನ ಕೋಣೆಯ ಎದುರಿಗೇ ಫಾತಿಮಾಬಿಯ ಮನೆ, ಮನೆಯ ಮುಂಭಾಗವೇ ಪಂಕ್ಚರ್ ಅಂಗಡಿ. ಗಂಡ ಸತ್ತ ಮೇಲೆ ಅಂಗಡಿ ಮುಚ್ಚಲು ಒಪ್ಪದೆ, ಒಂದು ಗೋಣಿಪರದೆ ಕಟ್ಟಿಕೊಂಡು ಅದರ ಹಿಂದೆ ತಾವೇ ಕೂತ ಹೆಂಗಸು ಅವರು. ಲಾರಿಯವರು ಚಕ್ರ ಬಿಚ್ಚಿ ಪರದೆಯ ಅಡಿಯಲ್ಲಿ ಉರುಳಿಸುತ್ತಿದ್ದರು, ತೇಪೆ ಬಿದ್ದ ಟ್ಯೂಬು ಆ ಕಡೆಯಿಂದ ಹೊರಗೆ ಬರುತ್ತಿತ್ತು. ಮುಖ ಯಾರಿಗೂ ಕಾಣಿಸುತ್ತಿರಲಿಲ್ಲ, ಬೈಗುಳ ಮಾತ್ರ ಇಡೀ ಬೀದಿಗೆ ಕೇಳಿಸುತ್ತಿತ್ತು. ಒಬ್ಬನೇ ಮಗ, ಒಳ್ಳೆಯ ಮೆಕ್ಯಾನಿಕ್ಕು, ಮಿಲಿಟರಿ ಲಾರಿಗಳ ರಿಪೇರಿಗೆಂದು ಸೈನ್ಯ ಸೇರಿದ್ದ. ಅವನ ಹೆಂಡತಿ ಜೈಬುನ್ನಿಸಾ, ನಮ್ಮೆಲ್ಲರ ಬಾಯಲ್ಲಿ ಜೈಬು. ಮಳವಳ್ಳಿಯ ಹುಡುಗಿ, ನನ್ನ ವಯಸ್ಸಿನವಳೇ. ಮೊರದ ತುಂಬ ಬೀಡಿ ಎಲೆ ಇಟ್ಟುಕೊಂಡು ಬಾಗಿಲ ಮರೆಯಲ್ಲಿ ಕೂತು ನನ್ನ ಜೊತೆ ಹರಟೆ ಹೊಡೆಯುವಳು. ಗಂಡನ ವಿಷಯ ಬಂದರೆ “ಅವ್ರು” ಎಂದಷ್ಟೇ ಹೇಳುವಳು, ಆ ಎರಡಕ್ಷರ ಹೇಳುವಾಗ ಬೀಡಿ ಸುತ್ತುವ ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು.

ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ. ಈ ಒಂದು ವಿಷಯದಲ್ಲಿ ರಿಪೇರಿ ಬೀದಿಯ ಎರಡು ಜಾತಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಗಂಡನ ಹೆಸರು ನಂಜುಂಡ ಎಂದಿದ್ದರೆ ನಂಜನಗೂಡನ್ನೇ “ಆ ದೇವ್ರೂರು” ಎನ್ನುವ ಹೆಂಗಸರು ನಮ್ಮಲ್ಲಿದ್ದರು. ಹಾಗಾಗಿ ಮತದಾರರ ಪಟ್ಟಿ ಬರೆಯಲು ಬಂದ ಗುಮಾಸ್ತನಿಗೆ ಅವರು ಕೊಟ್ಟ ಉತ್ತರಗಳೂ ಹಾಗೇ ಇದ್ದವು. ಒಬ್ಬಳು ಲೇತಿನವರ ಮನೆಯವಳು, ಇನ್ನೊಬ್ಬಳು ಕುಲುಮೆಯವರ ಎರಡನೇ ಸೊಸೆ. ಅವನೂ ಪಾಪ ಹಾಗೇ ಬರೆದುಕೊಂಡು ಹೋದ.

ಇದರಿಂದ ಎಷ್ಟೋ ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಗಂಡಸರು ಹೇಳಿದ ಗುರುತಿಗೆ ಹೆಂಗಸರು ಮುದ್ರೆ ಒತ್ತಿ ಬರುತ್ತಿದ್ದರು. ಮನೆಯ ಓಟು ಎಂದರೆ ಯಜಮಾನನ ಓಟು. ಅದು ಕೆಟ್ಟದ್ದು ಹಿಂದಿನ ಪುರಸಭೆ ಚುನಾವಣೆಯಲ್ಲಿ. ವಕೀಲರ ಮನೆಯ ಶಾರದಮ್ಮ ಎಂಬ ಧೈರ್ಯಸ್ಥೆ ನಮ್ಮೂರಿನ ಮಹಿಳಾ ಸಮಾಜ ನಡೆಸುತ್ತಿದ್ದರು. ಉಪ್ಪಿನಕಾಯಿ, ಕಸೂತಿಯ ನಡುವೆಯೇ “ನಿಮ್ಮ ಓಟು ನಿಮ್ಮದು, ಪರದೆಯ ಹಿಂದೆ ಯಾವ ಗಂಡನೂ ಇಣುಕುವುದಿಲ್ಲ” ಎಂದು ಮನೆಮನೆಗೆ ಹೋಗಿ ಹೇಳಿದರು. ರಿಪೇರಿ ಬೀದಿಯ ಹೆಂಗಸರು ಕೇಳಿಸಿಕೊಂಡು ಬೀದಿಯ ನೀರಿನ ನಲ್ಲಿಗಾಗಿ ತಮಗೆ ಬೇಕಾದವನಿಗೇ ಹಾಕಿದರು. ಗಂಡಸರು ಹೇಳಿದ್ದ ಮರದ ಮಂಡಿಯ ಸಾಹುಕಾರ ಸೋತ. ಯಾವ ಬೀದಿಯಲ್ಲಿ ಸೋತೆನೆಂದು ಲೆಕ್ಕ ಹಾಕಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಈಗ ವಿಧಾನಸಭೆಯ ಚುನಾವಣೆ ಬರುವುದಿತ್ತು. ಪಟ್ಟಿ ಪ್ರಕಟವಾದ ಕೂಡಲೇ ಸಾಹುಕಾರ ತನ್ನ ವಕೀಲನಿಂದ ಬೀದಿಯ ಅಷ್ಟೂ ಹೆಂಗಸರ ಮೇಲೆ ಆಕ್ಷೇಪಣೆ ಹಾಕಿಸಿದ. ಲೇತಿನವರ ಮನೆಯವಳು, ಕುಲುಮೆಯವರ ಸೊಸೆ ಎಂಬ ವ್ಯಕ್ತಿಗಳೇ ಇಲ್ಲ, ಎಲ್ಲ ಸುಳ್ಳು ಹೆಸರು, ತೆಗೆದುಹಾಕಬೇಕು ಎಂದು. ಜೈಬುವಿನ ಮೇಲೆ ಹಾಕಿದ್ದು ಮಾತ್ರ ಬೇರೆ. ಈಕೆ ಈ ದೇಶದವಳಲ್ಲ, ಈಕೆಯ ಸಂಬಂಧಿಕರು ಪಾಕಿಸ್ತಾನದಲ್ಲಿದ್ದಾರೆ ಎಂದು ಬರೆಸಿದ್ದ. ಗಂಡ ಸೇನೆಯಲ್ಲಿರುವುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಲಾರಿಯ ಟೈರಿಗೆ ತೇಪೆ ಹಾಕುತ್ತಿದ್ದವರೇ ಆ ಗಂಡನ ತಾಯಿ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಪ್ರತಿ ಹೆಂಗಸೂ ಖುದ್ದಾಗಿ ನಿಂತು ತನ್ನ ಹೆಸರು, ಗಂಡನ ಹೆಸರು, ಮನೆ ಯಾವುದೆಂದು ತನ್ನ ಬಾಯಿಂದಲೇ ಹೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದರೆ ನಡೆಯುವುದಿಲ್ಲ ಎಂದು ಅವರಿಂದ ಮೊದಲೇ ಅಪ್ಪಣೆ ಮಾಡಿಸಿಕೊಂಡಿದ್ದ ಆ ವಕೀಲ. ಅವನೂ ಈ ಊರಿನವನೇ. ನಮ್ಮ ಹೆಂಗಸರ ಬಾಯಿ ಎಲ್ಲಿ ಕಟ್ಟುತ್ತದೆಂದು ಅವನ ತಾಯಿಯೇ ಕಲಿಸಿದ್ದಳು.

ಶಾರದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ದಿನಾ ಸಂಜೆ ಸಮಾಜದ ಜಗಲಿಯಲ್ಲಿ ತಾಲೀಮು. ನಾನು ಅಧಿಕಾರಿ, ಹೆಂಗಸರು ಒಬ್ಬೊಬ್ಬರಾಗಿ ಬಂದು ಹೇಳಬೇಕು. ಮೊದಲ ದಿನ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೇ ಆಯಿತು. ಕುಲುಮೆಯ ಕೆಂಪಮ್ಮ ಆತಗೂರಿನ ಕಡೆಯ ಗಟ್ಟಿಗಿತ್ತಿ, ಗಂಡನನ್ನು ಬೀದಿಯಲ್ಲೇ ನಿಲ್ಲಿಸಿ ಬೈಯುವವಳು, ಅವನ ಹೆಸರೆಂದರೆ ಮಾತ್ರ ಬೆವರಿಬಿಟ್ಟಳು.

“ಟೀಚರಮ್ಮ, ನಿಮ್ಗೇನು ಬುಡಿ. ಯೋಳಕ್ಕೆ ನಿಮ್ಗೆ ಗಂಡ್ನೇ ಇಲ್ಲ” ಎಂದು ನನ್ನ ಮೇಲೇ ಹರಿಹಾಯ್ದಳು.

“ಎಮ್ಮೆ ಕಿವೀಲಿ ಹೇಳಿ ಅಭ್ಯಾಸ ಮಾಡ್ಕೊ ಕೆಂಪಮ್ಮ” ಎಂದೆ ನಾನು. ಮಾರನೆಯ ದಿನ ಬಂದು, ಎಮ್ಮೆ ಒದೆಯಿತೆಂದಳು. ಅವತ್ತು ನಾವು ನಕ್ಕ ನಗು ಇನ್ನೂ ನೆನಪಿದೆ, ಏಕೆಂದರೆ ಆ ಬೀದಿಯಲ್ಲಿ ನಾನು ಹಾಗೆ ನಕ್ಕಿದ್ದು ಅದೇ ಕೊನೆ.

ಯುದ್ಧ ಶುರುವಾಯಿತು. ಆಲೆಮನೆಗಳ ಕಾಲ, ಬೆಳಗಿನ ಚಳಿಗೆ ಊರ ತುಂಬ ಬೆಲ್ಲದ ಪಾಕದ ಘಮ. ಆ ಘಮದ ನಡುವೆ ಹೋಟೆಲಿನ ರೇಡಿಯೋ ಮುಂದೆ ಜನ ಗುಂಪುಗಟ್ಟಿ ನಿಂತು ವಾರ್ತೆ ಕೇಳುತ್ತಿದ್ದರು. ಶತ್ರು ವಿಮಾನಗಳಿಗೆ ಕಾಣದಿರಲೆಂದು ಲಾರಿಗಳ ದೀಪಕ್ಕೆ ಅರ್ಧ ಕಪ್ಪು ಬಣ್ಣ ಬಂತು. ಶಾಲೆಯಲ್ಲಿ ಮಕ್ಕಳಿಂದ ಜವಾನರಿಗೆ ಕಂಬಳಿ, ಸ್ವೆಟರು ಸೇರಿಸಿದೆವು. ಜೈಬು ತನ್ನ ಗಂಡನ ಹಳೆಯ ಸ್ವೆಟರನ್ನೇ ತಂದುಕೊಟ್ಟಳು. “ಅವ್ರಿಗೇ ಸಿಕ್ಕುದ್ರೂ ಸಿಕ್ಬೋದು” ಎಂದಳು. ಅವನಿಂದ ಕಾಗದ ಬಂದು ಬಹಳ ದಿನವಾಗಿತ್ತು. ಪೂರ್ವಕ್ಕೆ ಹೋಗಿದ್ದಾನೋ ಪಶ್ಚಿಮಕ್ಕೋ, ಅದೂ ಗೊತ್ತಿರಲಿಲ್ಲ. ಅಂಚೆಯವನು ಬೀದಿಯ ತುದಿಯಲ್ಲಿ ಕಾಣಿಸಿದರೆ ಪರದೆಯ ಹಿಂದಿನ ಸುತ್ತಿಗೆ ಸದ್ದು ನಿಲ್ಲುತ್ತಿತ್ತು. ಅವನು ಮುಂದಕ್ಕೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಕಾಗದ ಬರಲಿಲ್ಲವೆಂಬ ದುಃಖವೋ, ತಂತಿ ಬರಲಿಲ್ಲವೆಂಬ ಸಮಾಧಾನವೋ, ಆ ಮನೆಯಲ್ಲಿ ಎರಡಕ್ಕೂ ಒಂದೇ ಮೌನ.

ತಾಲೀಮಿಗೆ ಜೈಬು ಬರುವುದನ್ನು ನಿಲ್ಲಿಸಿದಳು. ವಿಚಾರಣೆಯ ಹಿಂದಿನ ದಿನ ಸಂಜೆ ನಾನೇ ಅವರ ಮನೆಗೆ ಹೋದೆ. ಮೊರ ಖಾಲಿಯಿತ್ತು. ಬೀಡಿ ಕಟ್ಟಲು ಕೈ ಬರುತ್ತಿಲ್ಲವೆಂದಳು.

“ಯೋಳ್ದೇ ಇದ್ರೆ ನಾನು ಓಯ್ತೀನಿ ಟೀಚರಮ್ಮ, ಯೋಳುದ್ರೆ ಅವ್ರು ಓಯ್ತಾರೆ. ನೀವೇ ಯೋಳಿ, ಏನ್ ಮಾಡ್ಲಿ?”

ಮೂಢನಂಬಿಕೆ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದವಳು ನಾನು. ಆದರೆ ಗಡಿಯಲ್ಲಿ ಗುಂಡು ಹಾರುತ್ತಿರುವಾಗ, ಅವಳ ಗಂಡನ ಜೀವಕ್ಕೆ ನಾನು ಪಣ ಕಟ್ಟಲೇ? “ಬೇಡ ಬಿಡು ಜೈಬು. ಈ ಸಲ ಹೋದರೆ ಹೋಗಲಿ. ಯುದ್ಧ ಮುಗಿದು ಅವರು ಬಂದ ಮೇಲೆ ಮುಂದಿನ ಸಲ ಸೇರಿಸೋಣ” ಎಂದೆ.

“ನಿಮ್ಗೆ ಮುಂದಿನ್ ಸಲ ಐತೆ. ಓಟು ಓದ್ರೆ ಓಗ್ಲಿ ಅಂತೀನಿ. ಆದ್ರೆ ಈ ದೇಸದೋಳಲ್ಲ ಅಂತ ಒಂದ್ಸಲ ಸರ್ಕಾರ್ದೋರು ಬರ್ದ್ರೆ ಅದ್ನ ಯಾರ್ ಅಳುಸ್ತಾರೆ? ಮಳವಳ್ಳಿ ಕೆರೆ ನೀರ್ ಕುಡ್ದು ಬೆಳ್ದೋಳು ನಾನು. ಅವ್ರು ಅಲ್ಲಿ ಯಾರ್ಗೋಸ್ಕರ ಚಳೀಲವ್ರೆ?”

ಪರದೆಯ ಆಚೆಯಿಂದ ಫಾತಿಮಾಬಿ ಒಳಗೆ ಬಂದರು. ಕೈಯೆಲ್ಲ ರಬ್ಬರಿನ ಮಸಿ. “ನಾನ್ ಎತ್ತೋಳು ಕಣಮ್ಮ. ಆ ಆಫೀಸರ್ ಸಾಮಿ ಮುಂದೆ ನಾನು ನೂರ್ ಸಲ ಯೋಳ್ತೀನಿ ನನ್ ಮಗನ್ ಎಸ್ರ. ಇವಳು ಬಾಯ್ ಬುಡ್ಕೂಡ್ದು” ಎಂದರು. ಸೊಸೆಯ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಜೈಬು ತಲೆಯಾಡಿಸಿದಳು. ಒಪ್ಪಿದಳೆಂದು ನಾನು ತಿಳಿದೆ.

ಒಂದು ಛತ್ರದ ಹಜಾರದಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ಕೆಟ್ಟವರಲ್ಲ. ಸುಸ್ತಾಗಿದ್ದರು, ಬೇಗ ಮುಗಿದರೆ ಸಾಕೆಂಬ ಮುಖ. ಒಂದು ಬದಿಯಲ್ಲಿ ಸಾಹುಕಾರ ಮತ್ತು ವಕೀಲ ಕೂತಿದ್ದರು. ಮೊದಲಿಗೆ ಬೀದಿಯ ವಿಧವೆಯರು ಬಂದರು. ಅವರದು ಪಟಪಟನೆ ಮುಗಿಯಿತು. ಸತ್ತವರ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ, ಅವರ ಆಯುಸ್ಸು ಸವೆಯುವುದೆಲ್ಲ ಸವೆದಾಗಿದೆ. ಫಾತಿಮಾಬಿಯೂ ತಮ್ಮ ಗಂಡನ ಹೆಸರನ್ನು ಗಂಟೆ ಹೊಡೆದಂತೆ ಹೇಳಿ ಬಂದರು. ಮುತ್ತೈದೆಯರ ಸರದಿ ಬಂದಾಗ ಒಬ್ಬರ ಹಿಂದೆ ಒಬ್ಬರು ಸರಿದರು.

ಧೈರ್ಯ ತುಂಬಲೆಂದು ಶಾರದಮ್ಮನೇ ಮುಂದೆ ಬಂದರು. ಹಿಂದಿನ ಚುನಾವಣೆಯ ಸಿಟ್ಟಿಗೆ ಸಾಹುಕಾರ ಅವರ ಮೇಲೂ ಆಕ್ಷೇಪಣೆ ಹಾಕಿಸಿದ್ದ. ಅಧಿಕಾರಿ ಕೇಳಿದರು. ಶಾರದಮ್ಮ ಗಂಟಲು ಸರಿಮಾಡಿಕೊಂಡು, “ನಮ್ಮ ವಕೀಲರು” ಎಂದರು. ಯಾವ ವಕೀಲರು? “ನಮ್ಮನೆ ವಕೀಲರು.” ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಇಡೀ ತಿಂಗಳು ನಮಗೆ ತಾಲೀಮು ಕೊಟ್ಟವರಿಗೆ ತಾಲೀಮು ಕೊಡುವುದನ್ನು ನಾವು ಮರೆತಿದ್ದೆವು. ಕೊನೆಗೆ ಕಣ್ಣು ಮುಚ್ಚಿ, ಔಷಧ ಉಗುಳಿದಂತೆ ಹೆಸರು ಹೇಳಿ, ಹಿಂದೆ ಬಂದು ಕಂಬಕ್ಕೆ ಒರಗಿ ಅತ್ತರು. ಕೆಂಪಮ್ಮ ಮದುವೆಮನೆಯ ಒಡಪಿನಲ್ಲಿ ಹೆಸರು ಹೆಣೆದು ಹೇಳಿದಳು: “ಕುಲುಮೇಲಿ ಕೆಂಡ, ಕೈಯಾಗೆ ಇಕ್ಳ, ನನ್ನ ಕಟ್ಕೊಂಡೋನು ಸಿದ್ದಾಚಾರಿ ನೋಡಕ್ಕ.” ಪದ್ಯ ಬೇಡ, ಹೆಸರು ಸಾಕು ಎಂದರು ಅಧಿಕಾರಿ. “ಎಸ್ರು ಅದ್ರಲ್ಲೇ ಐತೆ ಸಾಮಿ, ಆರುಸ್ಕೊಳಿ” ಎಂದಳು ಅವಳು. ಬರೆದುಕೊಂಡರು. ಹೇಳಲಾಗದೆ ಹಿಂದಿರುಗಿದವರೂ ಇದ್ದರು. ಅವರ ಹೆಸರಿಗೆ ಗೀಟು ಬಿತ್ತು.

ಜೈಬುವನ್ನು ಕರೆದರು. ಅವಳ ಮುಂದೆ ಫಾತಿಮಾಬಿ ಹೋಗಿ ನಿಂತರು. “ಸಾಮಿ, ಅವನ್ ತಾಯಿ ನಾನು. ಬರ್ಕೊಳಿ, ನಾನ್ ಯೋಳ್ತೀನಿ.”

ವಕೀಲ ಎದ್ದ. “ಆಕ್ಷೇಪಣೆ ಸೊಸೆಯ ಮೇಲೆ, ಸ್ವಾಮಿ. ಆಕೆ ಮೂಗಿಯಲ್ಲವಲ್ಲ.”

ಅಧಿಕಾರಿ ಪೆನ್ನು ಕೆಳಗಿಟ್ಟು, “ತಾಯಿ, ನೀವು ಪಕ್ಕಕ್ಕೆ ಬನ್ನಿ” ಎಂದು ಮೆತ್ತಗೆ ಹೇಳಿದರು. “ಏನಮ್ಮ, ನಿನ್ನ ಹೆಸರು?”

“ಜೈಬುನ್ನಿಸಾ.”

“ಗಂಡನ ಹೆಸರು?”

ಹೊರಗೆ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಗೊರಗೊರ. ಅವಳು ನೆಲ ನೋಡುತ್ತ ನಿಂತಳು. ನಾನು ಮನಸ್ಸಿನಲ್ಲೇ, ಬೇಡ ಕಣೆ, ಬಂದುಬಿಡು, ಎನ್ನುತ್ತಿದ್ದೆ. ಸಾಹುಕಾರ ವಕೀಲನ ಕಿವಿಯಲ್ಲಿ ಏನೋ ಉಸುರಿ ನಕ್ಕ. ಏನು ಹೇಳಿದನೋ ದೇವರಿಗೇ ಗೊತ್ತು, ಆ ನಗು ಅವಳ ಕಿವಿಗೆ ಬಿತ್ತು. ಜೈಬು ಮುಖದ ಮೇಲಿನ ಮುಸುಕು ಎತ್ತಿದಳು. ಅಧಿಕಾರಿಯನ್ನಲ್ಲ, ಸಾಹುಕಾರನನ್ನು ನೋಡಿದಳು.

“ಅಬ್ದುಲ್ ರಜಾಕ್. ಪಂಕ್ಚರ್ ಅಂಗ್ಡಿ ರಜಾಕ್. ಮಿಲ್ಟ್ರೀಲವ್ರೆ. ಎಲ್ಲವ್ರೆ ಅಂತ ನಂಗೊತ್ತಿಲ್ಲ. ಈ ಯಜಮಾನ್ರಿಗೆ ಎಲ್ರ ಸುದ್ದೀನೂ ಗೊತ್ತಲ್ಲ, ಇವ್ರುನ್ನೇ ಕೇಳಿ.”

ಅಧಿಕಾರಿ ಬರೆದುಕೊಂಡು, ಆಕ್ಷೇಪಣೆಯನ್ನು ತಳ್ಳಿಹಾಕಿದರು. ಫಾತಿಮಾಬಿ ಇದ್ದಲ್ಲೇ ಕುಸಿದು ಕೂತರು. ನಾನು ಹಿಡಿಯಲು ಹೋದರೆ ಕೈ ಕೊಡವಿ, ತಾವೇ ಎದ್ದು, ಒಬ್ಬರೇ ಮುಂದೆ ಮುಂದೆ ನಡೆದು ಹೋದರು. ಜೈಬು ಹಿಂದೆ ಬಂದಳು. ದಾರಿಯುದ್ದಕ್ಕೂ ಬಾಯಿಯ ಮೇಲೆ ಕೈಯಿತ್ತು, ಹೊರಗೆ ಹೋದ ಮಾತನ್ನು ಒಳಗೆ ಎಳೆದುಕೊಳ್ಳುವವಳಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಗಾದೆಯನ್ನು ನಾನು ಎಷ್ಟೋ ಸಲ ಮಕ್ಕಳಿಂದ ಕಾಪಿ ಬರೆಸಿದ್ದೆ, ಅರ್ಥವಾದದ್ದು ಆ ದಾರಿಯಲ್ಲಿ.

ಯುದ್ಧ ನಿಂತಿತು. ಗೆದ್ದೆವೆಂದು ರೇಡಿಯೋ ಹೇಳಿತು. ಯಾರೋ ಆಲೆಮನೆಯಿಂದ ಬಿಸಿ ಬೆಲ್ಲ ತಂದು ಬೀದಿಗೆಲ್ಲ ಹಂಚಿದರು. ಫಾತಿಮಾಬಿ ಕೂಡ ಪರದೆ ಸರಿಸಿ ಬೆಲ್ಲ ತೆಗೆದುಕೊಂಡರು. ಅಷ್ಟು ದಿನವೂ ಮಾತನಾಡಿಸದ ಸೊಸೆಯ ಕೈಗೆ ಅದರಲ್ಲೇ ಅರ್ಧ ಮುರಿದು ಇಟ್ಟದ್ದನ್ನು ನಾನು ನನ್ನ ಬಾಗಿಲಿನಿಂದ ನೋಡಿದೆ. ಜೈಬು ನನ್ನ ಕಡೆ ತಿರುಗಿ ನಕ್ಕಳು. ಅವಳಿಗೆ ಗಂಡನೂ ಉಳಿದ, ಹೆಸರೂ ಉಳಿಯಿತು ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ತಂತಿ ಬಂದದ್ದು ಅದಾದ ಮೇಲೆ. ಅಂಚೆಯವನಿಗೆ ಆ ಮನೆಯ ಬಾಗಿಲು ತಟ್ಟಲು ಮನಸ್ಸು ಬರಲಿಲ್ಲ. ಶಾಲೆಗೆ ಹೊರಟಿದ್ದ ನನ್ನ ಕೈಯಲ್ಲಿಟ್ಟು, “ಇಂಗ್ಲೀಸ್ನಲ್ಲೈತೆ, ನೀವೇ ಓದ್ಬುಡಿ ಮೇಡಮ್ಮ” ಎಂದು ಸೈಕಲ್ ಹತ್ತಿದ. ಬೀದಿ ದಾಟಿದರೆ ಅವರ ಮನೆ. ಪರದೆಯ ಹಿಂದಿನ ಸುತ್ತಿಗೆ ನಿಂತಿತ್ತು, ಅಂಚೆಯವನು ಮುಂದಕ್ಕೆ ಹೋದ ಮೇಲೂ ಮತ್ತೆ ಶುರುವಾಗಲಿಲ್ಲ. ನಾನು ಪರದೆ ಸರಿಸಿದೆ. ಕಾದ ಕಬ್ಬಿಣದಡಿ ಒಂದು ತೇಪೆ ಬೇಯುತ್ತಿತ್ತು. ಫಾತಿಮಾಬಿ ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ನಾನು ಓದಲೇ ಇಲ್ಲ, ಓದುವ ಅಗತ್ಯ ಬೀಳಲಿಲ್ಲ. ತೇಪೆಯನ್ನು ತೆಗೆಯಲು ಯಾರಿಗೂ ತೋಚದೆ ಅದು ಸುಟ್ಟು ಕರಕಲಾಗಿ, ಆ ಹೊಗೆ ಮನೆಯೊಳಗೆಲ್ಲ ತುಂಬಿಕೊಂಡಿತು. ಹೊಗೆಯಲ್ಲೇ ಜೈಬು ಒಳಗಿನಿಂದ ಬಂದಳು.

ಫಾತಿಮಾಬಿ ಅವಳಿಗೆ ಹೇಳಿದ್ದು ಒಂದೇ ಮಾತು. “ನೀನ್ ಬಾಯ್ ಬುಟ್ಟೆ, ಅವ್ನು ಕಣ್ ಮುಚ್ದ.”

ದೇಹ ಬರಲಿಲ್ಲ. ಆಗೆಲ್ಲ ಅಲ್ಲಲ್ಲೇ ಮಣ್ಣು ಮಾಡುತ್ತಿದ್ದರು. ತಂತಿಯಲ್ಲಿದ್ದ ತಾರೀಖು ನೋಡಿ ನನಗೆ ಒಂದು ಹುಚ್ಚು ಆಸೆ ಹುಟ್ಟಿತು. ಅವನು ತೀರಿಕೊಂಡದ್ದು ವಿಚಾರಣೆಗಿಂತ ಮೊದಲೇ. ಅಂದರೆ ಜೈಬು ಹೆಸರು ಹೇಳುವ ಹೊತ್ತಿಗೆ ಅವನು ಇರಲೇ ಇಲ್ಲ, ಅವಳ ಮಾತಿಗೂ ಅವನ ಸಾವಿಗೂ ಸಂಬಂಧವಿಲ್ಲ. ಓಡಿಹೋಗಿ ಫಾತಿಮಾಬಿಗೆ ತಿಳಿಸಿದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. “ತಾರೀಕು ನಿಮ್ಗೆ, ಟೀಚರಮ್ಮ. ಓದ ಮಗ ನಂಗೆ” ಎಂದರು.

ಜೈಬುವಿಗೆ ಹೇಳಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂತಳು. ಅವಳಿಗೆ ಸ್ವಲ್ಪ ಹಗುರವಾಗಬಹುದು ಎಂದುಕೊಂಡಿದ್ದೆ. ತಂತಿಯ ಮೇಲೆ ಬೆರಳಾಡಿಸುತ್ತ ಹೇಳಿದಳು: “ಅದುಕ್ಕೇ ಬಂತು. ನಾನೂ ಅವತ್ತಿಂದ ಯೋಚ್ನೆ ಮಾಡ್ತಿವ್ನಿ, ನನ್ ಬಾಯಿಗೆ ಎಂಗ್ ಬಂತು ಅಂತ. ಇರೋ ಗಂಡನ್ ಎಸ್ರು ಬಾಯಿಗ್ ಬತ್ತದಾ? ಬೇವಾ ಆಗೋಗಿದ್ದೆ. ನಂಗೇ ಗೊತ್ತಿಲ್ದಂಗೆ ನಾಲ್ಗೆಗೆ ಗೊತ್ತಾಗೋಗಿತ್ತು.” ಬೇವಾ ಎಂದರೆ ಅವರ ಮಾತಿನಲ್ಲಿ ವಿಧವೆ. ತಾರೀಖು ತೋರಿಸಲು ಹೋದದ್ದೇ ತಪ್ಪಾಯಿತೇನೋ ಅನ್ನಿಸಿ, ತಂತಿಯನ್ನು ಮಡಿಸಿಟ್ಟು ಅವಳ ಪಕ್ಕದಲ್ಲಿ ಕೂತೆ.

ಸಾಹುಕಾರ ಹೂವಿನ ಹಾರ ಹಿಡಿದು ಹತ್ತಾರು ಜನರೊಂದಿಗೆ ಬಂದ. ನಮ್ಮೂರ ವೀರಪುತ್ರ ಎಂದು ಬೀದಿಯಲ್ಲೇ ನಿಂತು ಭಾಷಣ ಮಾಡಿದ. ವೀರಪುತ್ರನ ಹೆಂಡತಿಯನ್ನು ದೇಶದವಳಲ್ಲ ಎಂದು ಬರೆಸಿದ ಕೈಯಲ್ಲೇ ಹಾರವಿತ್ತು. ನನ್ನ ಮೈ ಉರಿದುಹೋಯಿತು. ಭಾಷಣ ಮುಗಿದ ಮೇಲೆ ಪರದೆಯ ಹಿಂದಿನಿಂದ ಫಾತಿಮಾಬಿಯ ದನಿ ಬಂತು: “ತೇಪೆ ಆಕ್ಬೇಕಾದ್ ಟೈರಿದ್ರೆ ಇಟ್ಟೋಗಿ. ಇಲ್ದಿದ್ರೆ ಅಂಗ್ಡಿಗ್ ಅಡ್ಡ ನಿಲ್ಬೇಡಿ.”

ಅವರ ಪದ್ಧತಿಯಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಬರಬಾರದು. ಇದ್ದತ್ ಎನ್ನುತ್ತಾರೆ. ಚುನಾವಣೆ ಬೇಸಿಗೆಯ ಮೊದಲಿಗೇ ಬಂತು, ಆ ಅವಧಿ ಇನ್ನೂ ಮುಗಿದಿರಲಿಲ್ಲ. ಯಾವ ಓಟಿಗಾಗಿ ಅವಳು ಆ ಹೆಸರು ಹೇಳಿದಳೋ, ಆ ಓಟು ಹಾಕಲು ಹೊಸ್ತಿಲು ದಾಟುವಂತಿಲ್ಲ. ದಿನ ಹತ್ತಿರವಾದಂತೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. ಕೇಳಲು ಬಾಯಿಯಿಲ್ಲ. ಯಾವ ಮುಖವಿಟ್ಟುಕೊಂಡು ಕೇಳುವುದು, ಆ ಮನೆಯಿಂದ ಇನ್ನೂ ಏನನ್ನು ಕೇಳುವುದು? ಶಾರದಮ್ಮ ಕೂಡ, “ಅವಳ ಪಾಡಿಗೆ ಅವಳನ್ನು ಬಿಡು. ನಾವು ಕೇಳಿದ್ದು ಸಾಕು” ಎಂದರು. ಆ ಚಳಿಗಾಲ ಅವರನ್ನೂ ಮೆತ್ತಗೆ ಮಾಡಿತ್ತು.

ಅತ್ತೆ ಸೊಸೆ ಒಂದೇ ಸೂರಿನಡಿ ಮಾತಿಲ್ಲದೆ ಇದ್ದರು. ಅತ್ತೆ ಅಡುಗೆ ಮಾಡಿ ಪಾತ್ರೆ ಮುಚ್ಚಿಟ್ಟು ಅಂಗಡಿಗೆ ಬರುವರು, ಸೊಸೆ ಆಮೇಲೆ ಎದ್ದು ಉಣ್ಣುವಳು. ಸಂಜೆಗಳಲ್ಲಿ ನಾನು ಹೋಗಿ ಇಬ್ಬರ ನಡುವೆ ಕೂತು ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡಿ ಬರುತ್ತಿದ್ದೆ. ಶಿಂಷಾ ಹೊಳೆ ಬತ್ತಿ ಬಂಡೆ ಕಾಣಿಸಿಕೊಂಡಿತ್ತು, ಕೊಕ್ಕರೆ ಬೆಳ್ಳೂರಿನ ಕಡೆಗೆ ದೊಡ್ಡ ಹಕ್ಕಿಗಳು ಮೀನು ಕಚ್ಚಿಕೊಂಡು ಹಾರುತ್ತಿದ್ದವು. ಊರೆಲ್ಲ ಮೈಕು, ಬಾವುಟ. ಯಾವುದೂ ಆ ಪರದೆ ದಾಟಿ ಒಳಗೆ ಹೋಗಲಿಲ್ಲ.

ಮತದಾನದ ದಿನ ಬೆಳಿಗ್ಗೆ ಬೀದಿಯ ಹೆಂಗಸರು ಸಾಲಾಗಿ ಹೊರಟಿದ್ದರು. ಗೀಟು ಬಿದ್ದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಬೀಗ ಹಾಕುತ್ತಿರುವಾಗ ಫಾತಿಮಾಬಿ ಎದುರಿನಿಂದ ಕರೆದರು. ಅವತ್ತು ಅಂಗಡಿಯ ಒಲೆ ಹೊತ್ತಿಸಿರಲಿಲ್ಲ. ಜೈಬು ಮೂಲೆಯಲ್ಲಿ ಕೂತಿದ್ದಳು. ಫಾತಿಮಾಬಿ ನನ್ನನ್ನು ಸಾಕ್ಷಿಗೆ ಕರೆದವರಂತೆ ನಿಲ್ಲಿಸಿಕೊಂಡು, ಸೊಸೆಯೊಂದಿಗೆ ಅಷ್ಟು ತಿಂಗಳ ಮೇಲೆ ಮೊದಲ ಸಲ ಮಾತಾಡಿದರು.

“ಮೊದ್ಲೇ ಓಗಿದ್ನಂತೆ. ಟೀಚರಮ್ಮ ಯೋಳುದ್ರು, ಅವತ್ತು ನಂಗೆ ಕಿವೀಗ್ ಓಗ್ಲಿಲ್ಲ. ನಾನೂ ಅಂಗೇ ಅಲ್ವಾ. ನನ್ ಯಜಮಾನ್ರು ಇರೋಗಂಟ ನನ್ ಬಾಯಿಗ್ ಎಸ್ರು ಬರ್ಲಿಲ್ಲ. ಓದ್ ಮ್ಯಾಲೆ ಯಾವ್ದೋ ಒಂದಿನ ತಾನಾಗೇ ಬಂತು.” ಗೂಟದ ಮೇಲಿದ್ದ ಬುರ್ಖಾ ಕೈಗೆತ್ತಿಕೊಂಡರು. “ನೀನ್ ಸಾಯುಸ್ಲಿಲ್ಲ. ಏಳು.”

“ಇದ್ದತ್ನಲ್ಲಿವ್ನಿ ಅಮ್ಮಿ” ಎಂದಳು ಜೈಬು.

“ಬೇಕಾದ್ ಕೆಲ್ಸುಕ್ಕೆ ಅಗಲೊತ್ತು ಓಗಿ ಅಗಲೊತ್ತೇ ಬರ್ಬೋದು ಅಂತಾನೂ ಐತೆ. ಇದು ಬೇಕಾದ್ ಕೆಲ್ಸ ಅಲ್ದಿದ್ರೆ ಇನ್ ಯಾವ್ದು?”

ಬುರ್ಖಾ ಹೊದಿಸಿದವರು ಫಾತಿಮಾಬಿಯೇ. ಮೂವರೂ ಹೊರಟೆವು. ಅಷ್ಟು ದಿನ ಬಿಸಿಲು ಕಾಣದ ಜೈಬು ಬೀದಿಗಿಳಿದು ಕಣ್ಣು ಕಿರಿದು ಮಾಡಿದಳು. ಸಾಲಿನಲ್ಲಿದ್ದ ಹೆಂಗಸರು ಯಾರೂ ಏನೂ ಕೇಳದೆ ಜಾಗ ಬಿಟ್ಟರು. ಕೆಂಪಮ್ಮ ಬಂದು ಅವಳ ಹಿಂದೆ ನಿಂತಳು.

ಮತಗಟ್ಟೆಯ ಒಳಗೆ ಮೇಜಿನ ಹಿಂದೆ ಕೂತವನು ಪಟ್ಟಿಯಿಂದ ಒಬ್ಬೊಬ್ಬರ ಹೆಸರನ್ನೂ ಎಲ್ಲರಿಗೂ ಕೇಳುವಂತೆ ಕೂಗಿ ಓದುತ್ತಿದ್ದ, ಪಕ್ಷಗಳ ಏಜೆಂಟರು ಗುರುತು ಮಾಡಿಕೊಳ್ಳಲೆಂದು. ಆ ವಿಷಯ ನನಗೆ ಮೊದಲೇ ನೆನಪಾಗಬೇಕಿತ್ತು. ನೆನಪಾಗುವಷ್ಟರಲ್ಲಿ ಅವನು ಓದಿದ್ದ.

“ಜೈಬುನ್ನಿಸಾ. ಗಂಡ, ಅಬ್ದುಲ್ ರಜಾಕ್.”

ಪಟ್ಟಿಯಲ್ಲಿ ಅವನು ಇನ್ನೂ ಇದ್ದ. ಅವಳು ಇಂಥವನ ಹೆಂಡತಿ, ಈ ಊರಿನವಳು, ಸರ್ಕಾರದ ಅಚ್ಚಿನಲ್ಲಿ. ಫಾತಿಮಾಬಿ ಕಿಟಕಿಯ ಸರಳು ಹಿಡಿದುಕೊಂಡರು. ಜೈಬು ಮೇಜಿನ ಮುಂದೆ ಅಲ್ಲಾಡದೆ ನಿಂತಿದ್ದಳು. ಶಾಯಿಯವನು ಬೆರಳು ಕೊಡಿ ಎಂದ. ಅವಳು ಬೆರಳು ಕೊಡಲಿಲ್ಲ.

“ಇನ್ನೊಂದ್ಸಲ ಓದಿ ಸಾಮಿ” ಎಂದಳು.

ಏಜೆಂಟರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಅವನು ಇನ್ನೂ ಗಟ್ಟಿಯಾಗಿ ಓದಿದ.